ಗ್ರಾಹಕ ಅಧಿಕಾರಿ

ಕೈಯಲ್ಲಿ ಕಾಸಿಲ್ಲದವನನ್ನು ಕಂಡರೆ ಯಾರಿಗಾದರೂ ಅಯ್ಯೋ ಪಾಪ ಅನ್ನಿಸುತ್ತದೆ. ಬ್ಯಾಂಕಿಗೆ ಮಾತ್ರ ಇವನಿಗೆ ದಂಡ ಹಾಕೋಣ ಅನ್ನಿಸುತ್ತದೆ. ಇದು ನನಗೆ ಗೊತ್ತಾದದ್ದು ನನ್ನ ಹೆಂಡತಿ ವನಜಳ ಖಾತೆಯಿಂದ. ಅವಳು ದೆಹಲಿಯ ರೋಹಿಣಿ ಬಡಾವಣೆಯ ಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದಳು. ಸಂಬಳ ಬಂದು ಬೀಳುತ್ತಿದ್ದಷ್ಟು ಕಾಲ ಆ ಖಾತೆಯಲ್ಲಿ ಸೊನ್ನೆ ಇದ್ದರೂ ನಡೆಯುತ್ತಿತ್ತು. ನಾವಿರುವ ಕಿದ್ವಾಯಿ ನಗರದಿಂದ ಅಷ್ಟು ದೂರ ಬಸ್ಸಿನಲ್ಲಿ ಜೋತಾಡಿ ಸಾಕಾಗಿ ಕೆಲಸ ಬಿಟ್ಟಳು. ಬ್ಯಾಂಕಿನವರು ಅವಳಿಗೆ ಒಂದು ಮಾತೂ ತಿಳಿಸದೆ ಅದನ್ನು ಕನಿಷ್ಠ ಮೊತ್ತ ಇಡಲೇಬೇಕಾದ ಖಾತೆ ಮಾಡಿದರು. ಇಟ್ಟಿಲ್ಲವೆಂದು ಮೂರು ತಿಂಗಳಿಗೊಮ್ಮೆ ದಂಡ ಕಿತ್ತರು. ಕೀಳಲು ಏನೂ ಉಳಿಯದಿದ್ದಾಗ ಲೆಕ್ಕವನ್ನು ಸೊನ್ನೆಗಿಂತ ಕೆಳಗಿಳಿಸಿ, ಆ ಸಾಲಕ್ಕೂ ಶುಲ್ಕ ಹಾಕಿದರು. ಗಣಿತದ ಟೀಚರಿಗೇ ಋಣಸಂಖ್ಯೆಯ ಪಾಠ!

"ನಿಮ್ಮ ದುಡ್ಡು ಹೋಗಿದ್ದರೆ ಹಾಳಾಗಲಿ ಅಂತಿದ್ದೆ," ಎಂದಳು ವನಜ. "ಇದು ನಾನು ದುಡಿದಿದ್ದು. ಪೂರ್ತಿ ವಾಪಸ್ ಬರಬೇಕು."

ನಾನಿದ್ದೇನಲ್ಲ ಎಂದೆ. ಮನೆಯೊಳಗೆ ಹೀಗೆನ್ನುವುದು ಸುಲಭ. ನಾನೊಬ್ಬ ಸರ್ಕಾರಿ ಗುಮಾಸ್ತ. ತರಕಾರಿ ಭಯ್ಯಾನ ಹತ್ತಿರ ಪುಕ್ಕಟೆ ಕೊತ್ತಂಬರಿ ಸೊಪ್ಪು ಕೇಳುವುದಕ್ಕೂ ನಾಲಿಗೆ ತೊದಲುತ್ತದೆ. ಇಷ್ಟು ವರ್ಷ ದೆಹಲಿಯಲ್ಲಿದ್ದರೂ ನನ್ನ ಹಿಂದಿ ಎಂದರೆ ಕನ್ನಡದ ಸಂಸ್ಕೃತ ಪದಗಳಿಗೆ 'ಹೈ' ಅಂಟಿಸುವುದಷ್ಟೇ. ಒಮ್ಮೆ ನಮ್ಮ ಸಾಹೇಬರ ಭಾಷಣ ಕೇಳಿ, "ಆಪ್ ಕಾ ಉಪನ್ಯಾಸ್ ಬಹುತ್ ಅಚ್ಛಾ ಹೈ" ಎಂದು ಹೊಗಳಿದ್ದೆ. ಹಿಂದಿಯಲ್ಲಿ ಉಪನ್ಯಾಸ ಎಂದರೆ ಕಾದಂಬರಿಯಂತೆ. ಬರೆಯದ ಕಾದಂಬರಿಗೆ ಸಿಕ್ಕ ಮೆಚ್ಚುಗೆಯನ್ನು ಅವರು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು.

ಬ್ಯಾಂಕಿನಲ್ಲಿ ಒಂದು ಕೌಂಟರಿನವರು ಇನ್ನೊಂದಕ್ಕೆ ಕಳಿಸಿದರು. ಅಲ್ಲಿನವರು, ದುಡ್ಡು ಕತ್ತರಿಸಿದ್ದು ತಾವಲ್ಲ, ಸಿಸ್ಟಮ್ಮು ಎಂದರು. ಸಿಸ್ಟಮ್ಮಿನ ಜೊತೆ ಜಗಳವಾಡುವುದು ಹೇಗೆಂದು ಯೋಚಿಸುತ್ತಿದ್ದಾಗ ಗೋಡೆಯ ಮೇಲಿನ ಫಲಕ ಕಣ್ಣಿಗೆ ಬಿತ್ತು: 'ಗ್ರಾಹಕೋಂ ಕೇ ಅಧಿಕಾರ್'. ಅದರ ಕೆಳಗೆ ಸಣ್ಣಕ್ಷರದ ಸಾಲುಗಳಿದ್ದವು. ನನಗೆ ತಲೆಬರಹವೇ ಸಾಕಾಯಿತು. ಗ್ರಾಹಕನಿಗೆ ಅಧಿಕಾರವಿದೆ ಎಂದು ಅವರೇ ಬರೆದು ತೂಗುಹಾಕಿದ್ದಾರೆ! ಎಲ್ಲಿಲ್ಲದ ಧೈರ್ಯ ಬಂತು. ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿ, "ಮೈಂ ಗ್ರಾಹಕ್ ಅಧಿಕಾರೀ ಹೂಂ" ಎಂದೆ.

ಅವರು ಎದ್ದು ನಿಂತರು. ಪಾಸ್‌ಬುಕ್ಕಿನಲ್ಲಿ ಸರ್ಕಾರಿ ವಸತಿಯ ವಿಳಾಸ ನೋಡಿ ಇನ್ನೂ ಸ್ವಲ್ಪ ಬಗ್ಗಿದರು. ಚಹಾ ಬಂತು. ಅದು ಆರುವುದರೊಳಗೆ ಕಿತ್ತ ದಂಡವೆಲ್ಲ ಖಾತೆಗೆ ಮರಳಿತು.

ಮನೆಯಲ್ಲಿ ಈ ವಿಜಯಗಾಥೆ ಕೇಳಿ ವನಜ ಬಿದ್ದುಬಿದ್ದು ನಕ್ಕಳು. ಆಮೇಲೆ ಮುಖ ಗಂಭೀರವಾಯಿತು. "ಹಿಂದಿಯಲ್ಲಿ ಅಧಿಕಾರ್ ಅಂದ್ರೆ ಹಕ್ಕು ಕಣ್ರೀ. ನೀವು ಯಾವುದೋ ಇಲಾಖೆಯ ಆಫೀಸರು ಅಂತ ಹೆದರಿ ಕೊಟ್ಟಿದ್ದಾರೆ. ನನ್ನದು ಅಂತ ಕೊಟ್ಟಿಲ್ಲ."

ದುಡ್ಡು ಬಂತಲ್ಲ ಬಿಡು ಎಂದೆ. ಅವಳು ಬಿಡಲಿಲ್ಲ. ತಿಳಿಸದೆ ದಂಡ ಹಾಕಿದ್ದು ತಪ್ಪು, ಹಾಗೆಂದು ಬರೆದುಕೊಡಿ, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕಿಂಗ್ ಲೋಕಪಾಲರಿಗೆ ದೂರು ಕೊಡುತ್ತೇನೆ ಎಂದು ಅರ್ಜಿ ಬರೆದಳು. ನಾನು ಓದದೆ ಬಿಟ್ಟ ಸಣ್ಣಕ್ಷರದ ಸಾಲುಗಳಲ್ಲಿ ಇದ್ದದ್ದು ಇದೇ ದಾರಿಯಂತೆ. ಮರುದಿನ ನನ್ನನ್ನೂ ಎಳೆದುಕೊಂಡು ಹೊರಟಳು.

ಮ್ಯಾನೇಜರು ಮತ್ತೆ ಎದ್ದು ನಿಂತರು. ವನಜ ನನ್ನತ್ತ ನೋಡಿದಳು. ಬೇರೆ ದಾರಿಯಿಲ್ಲದೆ, "ಮೈಂ ಅಧಿಕಾರೀ ನಹೀಂ ಹೂಂ" ಎಂದು ಒಪ್ಪಿಸಿದೆ. ಅವರು ನಿಧಾನವಾಗಿ ಕುಳಿತು, ಹಾಗಾದರೆ ಯಾವ ಅಧಿಕಾರದಿಂದ ದುಡ್ಡು ಕೇಳಿದಿರಿ ಎಂದು ಹಿಂದಿಯಲ್ಲಿ ಕೇಳಿದರು.

"ಖಾತಾ ಮೇರಾ ಹೈ," ಎಂದಳು ವನಜ, ಅರ್ಜಿಯನ್ನು ಮೇಜಿನ ಮೇಲಿಡುತ್ತಾ. "ಅಧಿಕಾರ್ ಭೀ ಮೇರಾ."

ಅವರು ಅರ್ಜಿಯನ್ನು ಎರಡು ಸಲ ಓದಿದರು. ಯಾರನ್ನೋ ಕರೆದು, ಈಕೆಗೆ ಮೊದಲೇ ತಿಳಿಸಿದ್ದಕ್ಕೆ ಕಾಗದವೇನಾದರೂ ಇದೆಯೇ ಎಂದು ಹುಡುಕಿಸಿದರು. ಇರಲಿಲ್ಲ. ದಂಡ ಹಾಕಿದ್ದು ತಪ್ಪು, ವಾಪಸ್ ಕೊಟ್ಟಿದ್ದು ಸರಿ ಎಂದು ಅರ್ಜಿಯ ಪ್ರತಿಯ ಮೇಲೆ ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಆಮೇಲೆ ನೀವ್ಯಾರು ಎಂಬಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಔರ್ ಆಪ್?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ವನಜ ಹೇಳಿದಳು: "ಯೇ ತೋ ಬಸ್ ಸಾಥ್ ಆಯೇ ಹೈಂ."

ನಾನು ಬರೀ ಜೊತೆಗೆ ಬಂದವನಂತೆ. ಕನ್ನಡದ ನೆರವಿಲ್ಲದೆ ಒಂದು ಹಿಂದಿ ವಾಕ್ಯ ನನಗೆ ಪೂರ್ತಿ ಅರ್ಥವಾದದ್ದು ಅದೇ ಮೊದಲು.