ಬಲಗಿವಿಯ ಮತಯಾಚನೆ

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ಸೆಕ್ರೆಟರಿಯಾಗಬೇಕೆಂಬ ನನ್ನ ಹನ್ನೊಂದು ವರ್ಷದ ಆಸೆಯನ್ನು ಕಡಲೆಬೇಳೆ ಗಾತ್ರದ ಒಂದು ಗಂಟು ನುಂಗಿ ನೀರು ಕುಡಿಯಿತು. ಅದು ಎದ್ದದ್ದು ನನ್ನ ಬಲಗಿವಿಯ ಮೇಲಂಚಿನಲ್ಲಿ. ಕೆಂಪಗೆ, ಗಟ್ಟಿಯಾಗಿ ಕೂತಿತ್ತು. ಮುಟ್ಟಿದರೆ ಜೀವ ಹೋಗುವಷ್ಟು ನೋವು. (ಹೆಂಡತಿ ಅಪರ್ಣಾಳ ಪ್ರಕಾರ, ಮುಟ್ಟದಿದ್ದರೂ ನಾನು ಕೂಗುತ್ತಿದ್ದೆ.)

ಮಹಾಸಭೆಗೆ ಇನ್ನೊಂದು ವಾರವಿತ್ತು. ಸೆಕ್ರೆಟರಿ ಹುದ್ದೆಗೆ ನಾನೊಬ್ಬನೇ ಉಮೇದುವಾರ. ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಾಳಿಗೆಯ ಪುಂಡರೀಕಾಕ್ಷರು ಕಿವಿ ನೋಡಿ ದನಿ ತಗ್ಗಿಸಿದರು.

“ಎಂತ ಮಾರಾಯ್ರೆ, ಮನೆಯಲ್ಲಿ ಹಿಂಡಿದ್ದಾ?”

ಇಲ್ಲವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಭುಜ ತಟ್ಟಿ, “ನನ್ನ ವೋಟು ನಿಮಗೇ. ನೊಂದವರ ಕಷ್ಟ ನೊಂದವರಿಗೇ ಗೊತ್ತು” ಎಂದರು. ನಾನು ಬಾಯಿ ಮುಚ್ಚಿದೆ. ಅನುಕಂಪದ ಅಲೆಯ ಬಗ್ಗೆ ಪೇಪರಿನಲ್ಲಿ ಓದಿದ್ದೆ. ಅದು ನನ್ನ ಕಿವಿಯಿಂದಲೇ ಏಳುತ್ತದೆಂದು ಎಣಿಸಿರಲಿಲ್ಲ. ಅಂದಿನಿಂದ ಯಾರು ಕೇಳಿದರೂ ನಿಟ್ಟುಸಿರು ಬಿಟ್ಟು, “ಸಂಸಾರ ಅಂದ ಮೇಲೆ ಇದ್ದದ್ದೇ” ಎನ್ನುತ್ತಿದ್ದೆ. (ಸುಳ್ಳನ್ನಂತೂ ಹೇಳಲಿಲ್ಲ.)

ಇದೇನೂ ತಿಳಿಯದ ಅಪರ್ಣಾ ಶನಿವಾರ ನನ್ನನ್ನು ಪಕ್ಕದೂರು ಕಲ್ಯಾಣದ ಡಾಕ್ಟರ್ ದಾನಮ್ಮನವರ ಬಳಿಗೆ ಎಳೆದೊಯ್ದಳು. ಅವರು ವಿಜಯಪುರದವರು.

“ಯಾವ ಮಗ್ಗಲಿಗೆ ಮಲಕೋತೀರಿ?”

“ಬಲಕ್ಕೇ,” ಅಪರ್ಣಾ ನನಗಿಂತ ಮೊದಲು ಹೇಳಿದಳು. “ಇಪ್ಪತ್ತೆರಡು ವರ್ಷದಿಂದ ನಾನು ಇವರ ಬೆನ್ನಿನ ಹತ್ತಿರವೇ ಮಾತಾಡುವುದು.”

“ಫೋನ್ ಯಾವ ಕಿವಿಗ್ರಿ?”

“ಅದೂ ಬಲವೇ. ಟ್ರೇನಿನ ಬಾಗಿಲಲ್ಲಿ ಗಾಳಿಗೆ ಒಡ್ಡುವುದೂ ಅದನ್ನೇ.”

“ಹಂಗಾದ್ರ ಪಾಪ, ಆ ಕಿವಿ ತಪ್ಪೇನೈತಿ? ಅಂಚಿನಾಗ ತೊಗಲಿನ ಕೆಳಗ ಸೀದಾ ಮೆತ್ತನ್ನ ಎಲುಬು. ರಾತ್ರಿಯೆಲ್ಲಾ ಒತ್ತಿದ್ರ ರಕ್ತ ಹೆಂಗ ಓಡಬೇಕು? ಥಂಡಿ, ಬಿಸಿಲು ತಗುಲಿದ್ರೂ ಕೆರಳತೈತಿ. ನಡುವ ತೂತಿರೋ ದಿಂಬು ತಗೋರಿ, ಮಗ್ಗಲಾ ಬದಲಿಸ್ರಿ. ತಿಂಗಳದಾಗ ಇಳೀಲಿಲ್ಲಂದ್ರ ಬರ್ರಿ, ಒಂದು ಚೂರು ತಗದು ಪರೀಕ್ಷಾ ಮಾಡೂಣು.”

ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಟ್ಟರು.

ಭಾನುವಾರ ಸಭೆ ಸೇರಿತು. ಪುಂಡರೀಕಾಕ್ಷರು ನನ್ನ ಹೆಸರು ಸೂಚಿಸಲು ಎದ್ದಾಗ, ಇಲ್ಲೇ ಹುಟ್ಟಿ ಬೆಳೆದ ಬಿ ವಿಂಗಿನ ಶರ್ಮಿಳಾ ಕೈ ಎತ್ತಿದಳು.

“ಏಕ್ ಮಿನಿಟ್, ಅಂಕಲ್. ಪಾನಿ ಟ್ಯಾಂಕರ್‌ವಾಲಾ ನಮಗೆ ರೋಜ್ ಟೋಪಿ ಹಾಕ್ತಾನೆ. ಅವನನ್ನು ಸೀದಾ ಮಾಡ್ಲಿಕ್ಕೆ ಕಿವಿ ಹಿಂಡಿಸಿಕೊಂಡವರು ಬೇಕಾ, ಹಿಂಡಿದವರು ಬೇಕಾ? ನಾನು ಅಪರ್ಣಾ ಆಂಟಿ ಹೆಸರು ಹೇಳ್ತೇನೆ.”

ಹೆಂಗಸರು ಚಪ್ಪಾಳೆ ತಟ್ಟಿದರು. ಗಂಡಸರೂ ತಟ್ಟಿದರು, ಅವರವರ ಹೆಂಡತಿಯರು ಪಕ್ಕದಲ್ಲೇ ಕೂತಿದ್ದರು.

“ಯಾರ ಕಿವಿ ಯಾರು ಹಿಂಡಿದ್ದು?” ಎಂದಳು ಅಪರ್ಣಾ. ಶರ್ಮಿಳಾ ವಿವರಿಸಿದಳು. ಅಪರ್ಣಾ ನನ್ನನ್ನೇ ನೋಡಿದಳು. ನಾನು ಫ್ಯಾನಿನ ರೆಕ್ಕೆ ಎಣಿಸತೊಡಗಿದೆ. ಮೂರೇ ಇದ್ದವು, ಬೇಗ ಮುಗಿಯಿತು.

“ಆಯ್ತು, ನಾನು ನಿಲ್ತೇನೆ” ಎಂದಳು.

ನಾನು ಎದ್ದು ಡಾಕ್ಟರ ಚೀಟಿ ಎತ್ತಿ ಹಿಡಿದು ಸತ್ಯವನ್ನೆಲ್ಲ ಒಪ್ಪಿಸಿದೆ: ಮಗ್ಗುಲು, ದಿಂಬು, ಫೋನು, ಗಾಳಿ. ಪುಂಡರೀಕಾಕ್ಷರು ಕಣ್ಣೊರೆಸಿಕೊಂಡರು.

“ಪಾಪ, ಎಷ್ಟು ಹೆದರಿದ್ದಾರೆ ನೋಡಿ. ಡಾಕ್ಟರ್ ಚೀಟಿ ಸಹ ಬರೆಸಿ ತಂದಿದ್ದಾರೆ.”

ಹೀಗೆಂದವರೇ ಅಪರ್ಣಾಳ ಹೆಸರನ್ನು ಅನುಮೋದಿಸಿದರು. ನನ್ನ ಹೆಸರು ಸೂಚಿಸಲು ಯಾರೂ ಉಳಿಯದೆ ಅವಳು ಅವಿರೋಧವಾಗಿ ಗೆದ್ದಳು. ಸೆಕ್ರೆಟರಿಯವರ ಮೊದಲ ಅಪ್ಪಣೆಯಂತೆ ನಡಾವಳಿ ಪುಸ್ತಕ ನನ್ನ ಕೈಗೆ ಬಂತು. ಅವಳು ಹೇಳಿದಳು, ನಾನು ಬರೆದೆ: ‘ಸದಸ್ಯ ರಮಾಕಾಂತರ ಕಿವಿಯ ವಿಷಯ ಚರ್ಚೆಗೆ ಬಂತು. ಸಭೆ ಸಹಾನುಭೂತಿ ಸೂಚಿಸಿತು. ಇನ್ನು ಮುಂದೆ ಹೀಗಾಗದಂತೆ ಎಚ್ಚರದಿಂದಿರಲು ಅವರಿಗೆ ತಿಳಿಸಲಾಯಿತು.’