ಒರೆಸಿಹೋದ ಎಣ್ಣೆಗೆರೆಯನ್ನು ಊರ್ಜಿತವೆಂದು ಪರಿಗಣಿಸುವ ಬಗ್ಗೆ

ಇಂದ,
ಸಿದ್ರಾಮಪ್ಪ ಹೊಸಮನಿ,
ನಿವೃತ್ತ ಪ್ರಥಮ ದರ್ಜೆ ಸಹಾಯಕರು, ತಾಲೂಕು ಕಚೇರಿ
(ಊರಿನ ಹೆಸರು ಬರೆದಿಲ್ಲ, ಅಲ್ಲಿ ಇವರ ಕೆಲವು ಕಡತಗಳು ಇನ್ನೂ ಬಾಕಿ ಇವೆ),
ಹಾಲಿ ವಸ್ತಿ: ಮಗಳು ವಾಣಿಶ್ರೀಯ ಮನೆ, ಕೇಟಿ, ಹ್ಯೂಸ್ಟನ್, ಟೆಕ್ಸಾಸ್.

ಗೆ,
ಶ್ರೀ ಯಮಧರ್ಮರಾಯರು,
ದಕ್ಷಿಣ ದಿಕ್ಕು.
ಮುಖಾಂತರ: ಶ್ರೀ ಚಿತ್ರಗುಪ್ತರು, ದಾಖಲೆ ವಿಭಾಗ.

ವಿಷಯ: ಭಾಯಿಟೀಕಾ ದಿನ ಅರ್ಜಿದಾರರ ಸುತ್ತ ಎಳೆದಿದ್ದ ಎಣ್ಣೆಗೆರೆಯನ್ನು ಅವರ ಧರ್ಮಪತ್ನಿ ಒರೆಸಿಹಾಕಿದ್ದು, ಅದೇ ಕಾರಣ ಮುಂದಿಟ್ಟು ತಾವು ಒಳಗೆ ಬರದಿರುವ ಬಗ್ಗೆ.

ಉಲ್ಲೇಖ: ೧. ತಮಗೂ ತಮ್ಮ ತಂಗಿ ಶ್ರೀಮತಿ ಯಮುನಾ ಅವರಿಗೂ ಆದ ಮೌಖಿಕ ಒಪ್ಪಂದ (ದಿನಾಂಕ ಲಭ್ಯವಿಲ್ಲ).
೨. ಸತ್ಯವಾನ-ಸಾವಿತ್ರಿ ಪ್ರಕರಣದಲ್ಲಿ ತಾವೇ ಹೊರಡಿಸಿದ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ,

೧. ಅರ್ಜಿದಾರರ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಬರುವ ಮಂಗಳವಾರ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಎದೆ ತೆರೆದು ಅದನ್ನು ಬದಲಿಸತಕ್ಕದ್ದೆಂದು ನಿಗದಿಯಾಗಿದೆ. ಈ ಮಾಹಿತಿ ತಮ್ಮ ಕಚೇರಿಗೆ ಮೊದಲೇ ತಲುಪಿರಬಹುದು ಎಂಬುದೇ ಅರ್ಜಿದಾರರ ಆತಂಕ.

೨. ಪಕ್ಕದ ಮನೆಯಲ್ಲಿ ಶ್ರೀಮತಿ ಹೀರಾ ತುಲಾಧರ್ ಎಂಬ ನೇಪಾಳದ ಹೆಣ್ಣುಮಗಳು ವಾಸವಿರುತ್ತಾರೆ. ಅವರ ಜಗಲಿ ಗೂಡಿನಲ್ಲಿ ಬುದ್ಧನೂ ಗಣಪತಿಯೂ ಭುಜಕ್ಕೆ ಭುಜ ತಾಗಿಸಿ ಕೂತಿರುವುದನ್ನು ಕಂಡ ಅರ್ಜಿದಾರರು, ಹುಬ್ಬಳ್ಳಿ ಸ್ಟೇಷನ್ನಿನಿಂದಾಚೆ ಎಂದೂ ಹೋಗದ ತಮ್ಮ ಹಿಂದಿಯಲ್ಲಿ, ನೀವು ಹಿಂದೂಗಳೋ ಬೌದ್ಧರೋ ಎಂದು ವಿಚಾರಣೆ ನಡೆಸಿದರು. "ಜಿಸ್ ದಿನ್ ಜೋ ತ್ಯೋಹಾರ್, ದಾಯಿ" ಎಂದರು ಆಕೆ. ಯಾವ ದಿನ ಯಾವ ಹಬ್ಬವೋ ಆ ದಿನ ಅದು, ಅಣ್ಣಾ, ಎಂದು ಇದರ ಅರ್ಥ. ಜಾತಿ ಕಾಲಮ್ಮಿಗೆ ಇಷ್ಟು ಚೊಕ್ಕ ಉತ್ತರ ಅರ್ಜಿದಾರರ ಇಡೀ ಸೇವಾವಧಿಯಲ್ಲಿ ಬಂದದ್ದಿಲ್ಲ.

೩. ಅರ್ಜಿದಾರರಿಗೆ ಒಡಹುಟ್ಟಿದ ಹೆಣ್ಣುಮಕ್ಕಳಿಲ್ಲ. ಊರಿನ ಗಂಡಸರೆಲ್ಲ ಪಂಚಮಿಗೆ ತಂಗಿಯರನ್ನು ತವರಿಗೆ ಕರೆತರುತ್ತಿದ್ದಾಗ ಇವರು ಜೋಕಾಲಿಗೆ ಹಗ್ಗ ಕಟ್ಟಿಕೊಡುವ ಕೆಲಸಕ್ಕೆ ಮಾತ್ರ ಬೇಕಾಗುತ್ತಿದ್ದರು. ಆದ್ದರಿಂದ ಈ ಇಳಿವಯಸ್ಸಿನಲ್ಲಿ, ಪರದೇಶದಲ್ಲಿ, ಒಬ್ಬಾಕೆ ಅಣ್ಣಾ ಎಂದು ಕರೆದಾಗ ಇವರು ಬೇಡವೆನ್ನಲಿಲ್ಲ. ಬದಲಿಗೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು.

೪. ನಮ್ಮ ದೀಪಾವಳಿಯ ದಿನಗಳಲ್ಲೇ ಆ ಜನರಿಗೆ ತಿಹಾರ್ ಎಂಬ ಹಬ್ಬ. ಮೊದಲ ದಿನ ತಮ್ಮ ದೂತನಾದ ಕಾಗೆಗೆ ಊಟ, ಎರಡನೆಯ ದಿನ ತಮ್ಮ ಬಾಗಿಲು ಕಾಯುವ ನಾಯಿಗೆ ಹೂಮಾಲೆ. ಸಾಹೇಬರನ್ನು ಕಾಣುವ ಮೊದಲು ಜವಾನನನ್ನೂ ಕಾವಲುಗಾರನನ್ನೂ ಸಂತೋಷಪಡಿಸುವ ಈ ಪದ್ಧತಿಯ ಮಹತ್ವವನ್ನು ಅರ್ಜಿದಾರರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಕೇಟಿಯಲ್ಲಿ ಕಾಗೆ ಸಿಗದ ಕಾರಣ ಅಂಗಡಿಯ ಪಾರ್ಕಿಂಗಿನಲ್ಲಿ ಕಿರುಚಾಡುವ ಕಪ್ಪು ಹಕ್ಕಿಗಳಿಗೇ ಅನ್ನ ಹಾಕಲಾಯಿತು. ಎದುರುಮನೆಯ ನಾಯಿ ಹಾರ ಹಾಕಿಸಿಕೊಂಡು, ಆಮೇಲೆ ಅದನ್ನೇ ತಿಂದಿತು. ಮೂರನೆಯ ದಿನ ಪೂಜಿಸಬೇಕಾದ ದನಗಳಿಗೆ ಟೆಕ್ಸಾಸಿನಲ್ಲಿ ಬರವಿಲ್ಲ. ಆದರೆ ಮಾಲೀಕ ಹತ್ತಿರ ಬಿಡಲಿಲ್ಲವಾಗಿ ಬೇಲಿಯಾಚೆಯಿಂದ ಹೂ ಎಸೆಯಲಾಯಿತು. ಮರುದಿನ ಆಕೆ ಮನೆಮಂದಿಗೆಲ್ಲ ಒಂದೊಂದು ಮಂಡಲ ಬರೆದು ಪೂಜಿಸುವಾಗ ಯಮರಾಯರಾದ ತಮ್ಮ ಹೆಸರಿನಲ್ಲೂ ಒಂದು ಮಂಡಲ ಬರೆದು ಹಣ್ಣು, ಮಿಠಾಯಿ ಇಟ್ಟದ್ದನ್ನು ಅರ್ಜಿದಾರರು ಕಣ್ಣಾರೆ ನೋಡಿದ್ದಾರೆ. ತಮಗೆ ಇಷ್ಟು ಮರ್ಯಾದೆ ಕೊಡುವ ಮನೆ ಇನ್ನೊಂದಿದ್ದರೆ ತಿಳಿಸುವುದು.

೫. ಕೊನೆಯ ದಿನವೇ ಭಾಯಿಟೀಕಾ. ತಂಗಿಯಾದವಳು ಅಣ್ಣನ ಸುತ್ತ ಎಣ್ಣೆಯ ಗೆರೆ ಎಳೆದು, ಹಣೆಗೆ ಏಳು ಬಣ್ಣದ ಬೊಟ್ಟಿಟ್ಟು, ಮಖಮಲಿ ಎಂಬ ಬಾಡದ ನೇರಳೆ ಹೂವಿನ ಮಾಲೆ ಹಾಕುತ್ತಾಳೆ. ಆ ಎಣ್ಣೆ ಆರುವವರೆಗೆ, ಆ ಹೂ ಬಾಡುವವರೆಗೆ ತಾವು ಆ ಅಣ್ಣನನ್ನು ಮುಟ್ಟತಕ್ಕದ್ದಲ್ಲ. ಇದೇ ಉಲ್ಲೇಖ ೧ರ ಒಪ್ಪಂದ.

೬. ಅದರಂತೆ ಶ್ರೀಮತಿ ಹೀರಾ ವಾಣಿಶ್ರೀಯ ಮನೆಯ ಪಡಸಾಲೆಯಲ್ಲಿ ಅರ್ಜಿದಾರರನ್ನು ಚಾಪೆಯ ಮೇಲೆ ಕೂರಿಸಿ, ಸಾಸಿವೆ ಎಣ್ಣೆಯ ಗೆರೆ ಎಳೆದು, ಬೊಟ್ಟಿಟ್ಟು, ಮಾಲೆ ಹಾಕಿ, ಬಾಯಿಗೆ ಸೆಲ್‌ರೋಟಿ ಎಂಬ ಬಳೆಯಾಕಾರದ ಕರಿದ ತಿಂಡಿ ತುರುಕಿ, ಕೇಡು ಕಳೆಯಲೆಂದು ಪದ್ಧತಿಯಂತೆ ಅಖರೋಟು ಒಡೆಯಲು ಹೊಸ್ತಿಲಿಗೆ ಹೋದರು. ಅದೇ ವೇಳೆಗೆ ಸ್ನಾನ ಮುಗಿಸಿ ಬಂದ ಧರ್ಮಪತ್ನಿ ಕಮಲವ್ವನವರು ನೆಲ ನೋಡಿದರು.

"ಅಯ್ಯ ಶಿವನೇ, ಎಣ್ಣಿ ಚೆಲ್ಲ್ಯಾರ! ಕಟಗಿ ನೆಲ ಇದು. ಜಾರಿ ಬಿದ್ದ್ರಂದ್ರ ಎದಿ ಆಪರೇಶನ್ ಜೋಡಿ ಸೊಂಟದ್ದೂ ಮಾಡಸಬೇಕಾಗ್ತದ್ರಿ!"

ಹೀಗೆಂದವರೇ ಬಟ್ಟೆ ತಂದು, ಸುತ್ತಲೂ, ಒಂದು ಹನಿ ಉಳಿಯದಂತೆ ಒರೆಸಿದರು. ಅರ್ಜಿದಾರರ ಬಾಯಲ್ಲಿ ಸೆಲ್‌ರೋಟಿ ಇದ್ದ ಕಾರಣ ಆಕ್ಷೇಪಣೆ ಸಕಾಲದಲ್ಲಿ ಸಲ್ಲಿಕೆಯಾಗಲಿಲ್ಲ.

೭. ಒಡೆದ ಅಖರೋಟು ಹಿಡಿದು ಬಂದ ಹೀರಾ, ಫಳಫಳ ಹೊಳೆಯುವ ನೆಲ ನೋಡಿ ಅಲ್ಲೇ ಕುಸಿದು ಕೂತರು. "ಮೇರಾ ಹಾಥ್ ಹೀ ಖರಾಬ್ ಹೈ, ದಾಯಿ" ಎಂದರು. ತನ್ನ ಕೈಗುಣವೇ ಕೆಟ್ಟದ್ದು ಎಂದು. ಎದ್ದು ಹೋದವರು ಮತ್ತೆ ಈ ಕಡೆ ಬಂದಿಲ್ಲ.

೮. ಆಕೆ ಹಾಗೆಂದದ್ದಕ್ಕೆ ಕಾರಣವಿದೆ. ಅದು ತಮಗೂ ಗೊತ್ತಿದೆ. ಡಲ್ಲಾಸಿನಲ್ಲಿ ಟ್ರಕ್ ಓಡಿಸುತ್ತಿದ್ದ ಆಕೆಯ ಸ್ವಂತ ತಮ್ಮನಿಗೆ ಪ್ರತಿ ವರ್ಷ ಅಷ್ಟು ದೂರ ಡ್ರೈವ್ ಮಾಡಿಕೊಂಡು ಹೋಗಿ ಟೀಕಾ ಹಚ್ಚಿ ಬರುತ್ತಿದ್ದರು. ಹಿಂದಿನ ವರ್ಷ ಹಚ್ಚಿ ಬಂದ ಚಳಿಗಾಲದಲ್ಲೇ ಹೆದ್ದಾರಿಯಲ್ಲಿ ತಾವು ಅವನನ್ನು ಕರೆದುಕೊಂಡಿರಿ. ಟ್ರಕ್ಕಿನ ಕನ್ನಡಿಗೆ ಕಟ್ಟಿದ್ದ ಮಖಮಲಿ ಮಾಲೆ ಆಕೆಯ ಕೈಗೆ ಮರಳಿ ಬಂತು. ಒಂದು ಹೂವೂ ಬಾಡಿರಲಿಲ್ಲ. ಇವತ್ತಿಗೂ ಬಾಡಿಲ್ಲ. ಹೀಗಿರುವಾಗ ಒಪ್ಪಂದ ಮುರಿದವರು ಯಾರೆಂದು ಅರ್ಜಿದಾರರು ಕೇಳುವುದಿಲ್ಲ. ಮೇಲಧಿಕಾರಿಗಳನ್ನು ಕೇಳಿ ಅಭ್ಯಾಸವಿಲ್ಲ. ಆದರೆ ಹೊಟ್ಟೆ ಉರಿಯುತ್ತದೆ ಎಂಬುದನ್ನು ದಾಖಲಿಸಬಯಸುತ್ತಾರೆ.

೯. ಮರುದಿನ ಕಮಲವ್ವನವರು ಆಕೆಯ ಬಾಗಿಲಿಗೆ ಹೋಗಿ, "ತಪ್ಪು ನಂದೈತಿ ತಂಗಿ, ನಿಂದಲ್ಲ. ಬಾ, ಇನ್ನೊಮ್ಮೆ ಎಳಿ" ಎಂದು ಕನ್ನಡದಲ್ಲಿ ಬೇಡಿಕೊಂಡರು. ಆಕೆಗೆ ಕನ್ನಡ ಬಾರದು. ಆದರೂ ಎಲ್ಲ ಅರ್ಥವಾಯಿತು. ಅಣ್ಣನನ್ನು ಇನ್ನು ಮುಟ್ಟಲಾರೆ ಎಂದು ಕೈಮುಗಿದು ಒಳಗೆ ಹೋದರು.

ಮನೆಗೆ ಬಂದ ಕಮಲವ್ವನವರು ಯಾರನ್ನೂ ಕೇಳದೆ, ಊರಿನಿಂದ ತಂದ ಕುಸುಬಿ ಎಣ್ಣೆಯಲ್ಲಿ ಗಂಡನ ಕುರ್ಚಿಯ ಸುತ್ತ ತಾವೇ ಗೆರೆ ಎಳೆದರು. ಹೆಂಡತಿ ಎಳೆದ ಗೆರೆ ತಂಗಿಯ ಗೆರೆಗೆ ಸಮವೇ ಎಂಬ ಕಾನೂನಿನ ಪ್ರಶ್ನೆ ಏಳಬಹುದು. ಉಲ್ಲೇಖ ೨ನ್ನು ಗಮನಿಸುವುದು: ಹೆಂಡತಿಯರ ಜೊತೆ ವಾದಕ್ಕಿಳಿದು ತಾವು ಗೆದ್ದ ದಾಖಲೆ ಇಲ್ಲ. ಈ ವಿಷಯದಲ್ಲಿ ಅರ್ಜಿದಾರರೂ ತಮ್ಮಂಥದೇ ಸ್ಥಿತಿಯಲ್ಲಿ ಇದ್ದಾರೆ.

೧೦. ಅರ್ಜಿದಾರರಿಗೆ ಬದುಕುವ ಆಸೆ ಇಲ್ಲವೆಂದಲ್ಲ. ಪಿಂಚಣಿ ಪಡೆಯುವವನಿಗೆ ಆ ಆಸೆ ಸಹಜ. ಆದರೆ ಮಂಗಳವಾರ ಇವರು ಕಣ್ಣು ತೆರೆಯದಿದ್ದಲ್ಲಿ, ಅದು ಹಳೆಯ ಕವಾಟದ ದೋಷವೆಂದು ಡಾಕ್ಟರು ಬರೆಯುತ್ತಾರೆ, ಶಿವನ ಇಚ್ಛೆಯೆಂದು ಕಮಲವ್ವ ಅಳುತ್ತಾರೆ. ಪಕ್ಕದ ಮನೆಯಾಕೆ ಮಾತ್ರ ತಮ್ಮನ ಹಿಂದೆ ಅಣ್ಣನನ್ನೂ ತನ್ನ ಕೈಯೇ ತಿಂದಿತೆಂದು ನಂಬಿ ಉಳಿದ ಆಯುಷ್ಯ ಕಳೆಯುತ್ತಾಳೆ. ಅರ್ಜಿದಾರರ ಪ್ರಾಣಕ್ಕಿಂತ ಇದು ದೊಡ್ಡ ನಷ್ಟ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಒರೆಸಿದ ಗೆರೆಯನ್ನು ಒರೆಸಿಲ್ಲವೆಂದು ಭಾವಿಸಿ, ಅರ್ಜಿದಾರರ ಕಡತವನ್ನು ಶ್ರೀಮತಿ ಹೀರಾ ತುಲಾಧರ್ ಅವರ ಜೀವಿತಾವಧಿಯವರೆಗೆ ಬಾಕಿ ಇಡಬೇಕಾಗಿ ಪ್ರಾರ್ಥನೆ. ಕಡತ ಬಾಕಿ ಇಡುವುದು ಹೇಗೆಂದು ತಮ್ಮ ಸಿಬ್ಬಂದಿಗೆ ತಿಳಿಯದಿದ್ದಲ್ಲಿ ಅರ್ಜಿದಾರರು ತಮ್ಮ ಸುದೀರ್ಘ ಅನುಭವದಿಂದ, ದೂರದಿಂದಲೇ, ಮಾರ್ಗದರ್ಶನ ನೀಡಲು ಸಿದ್ಧರಿದ್ದಾರೆ.

ತಮ್ಮನ್ನು ಸದ್ಯಕ್ಕೆ ಭೇಟಿಯಾಗಲು ಇಚ್ಛಿಸದ,
ತಮ್ಮ ವಿಶ್ವಾಸಿ,
(ಸಿದ್ರಾಮಪ್ಪ ಹೊಸಮನಿ)

ಲಗತ್ತುಗಳು:
ಅ. ಅರ್ಜಿದಾರರ ಕೊರಳಿನ ಮಖಮಲಿ ಮಾಲೆಯ ಫೋಟೊ. ಮಾಲೆ ಕೊರಳಲ್ಲೇ ಇದೆ. ಮಂಗಳವಾರ ತೆಗೆಯಿರೆಂದು ಆಸ್ಪತ್ರೆಯವರು ಹೇಳಿದ್ದಾರೆ, ಆಗ ಕಮಲವ್ವನವರ ಕೈಯಲ್ಲಿರುತ್ತದೆ.
ಆ. ನೆಲ ಒರೆಸಿದ ಬಟ್ಟೆ, ಎಣ್ಣೆ ಸಹಿತ. ಗೆರೆ ಪೂರ್ತಿ ಇದರಲ್ಲೇ ಇದೆ, ಇನ್ನೂ ಆರಿಲ್ಲ.
ಇ. ಹೀರಾ ಅವರ ತಮ್ಮನ ಮಾಲೆಯ ಫೋಟೊ. ಮೂಲವನ್ನು ಕೊಡಲು ಆಕೆ ಒಪ್ಪಿಲ್ಲ.

ವಿ.ಸೂ.: ಈ ಅರ್ಜಿಗೆ ಖುದ್ದಾಗಿ ಬಂದು ಉತ್ತರ ಕೊಡುವ ತೊಂದರೆ ತೆಗೆದುಕೊಳ್ಳಬಾರದು. ಬರಲೇಬೇಕೆನಿಸಿದರೆ ಮುಂದಿನ ತಿಹಾರಿಗೆ ಪಕ್ಕದ ಮನೆಗೆ ಬನ್ನಿ. ಆಕೆ ಮತ್ತೆ ಎಣ್ಣೆ ಮುಟ್ಟಿದ್ದರೆ ತಮಗೂ ಒಂದು ಮಂಡಲ ಬರೆದಿರುತ್ತಾರೆ. ಕೂತು, ಮಿಠಾಯಿ ತಿಂದು, ಬರಿಗೈಯಲ್ಲಿ ಹಿಂತಿರುಗತಕ್ಕದ್ದು.