ಐದರಲ್ಲಿ ಮೂರು ಎಂದು ಬರೆದ ಮಾನ್ಯರಿಗೆ

ಬೆಟ್ಟಪ್ರದೇಶದ ಹಿಮಕುಸಿತದ ಮುನ್ಸೂಚನೆಯನ್ನು ಚಳಿಗಾಲದ ಪ್ರತಿ ಸಂಜೆಯೂ ತಪ್ಪದೆ ಪ್ರಕಟಿಸುವ ಅಧಿಕಾರಿಗಳಿಗೆ, ಸ್ಟಾಕ್‌ಹೋಮಿನ ಕಿಸ್ಟಾ ನಿವಾಸಿ ರಾಮಮೂರ್ತಿ, ಒಂದರ ಮೇಲೊಂದು ತೊಟ್ಟಿದ್ದ ಎರಡು ಜೊತೆ ಕೈಗವಸುಗಳನ್ನು ಕಳಚಿಟ್ಟು, ಬರಿಗೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ಹಿಮದ ಆಳ ಅಳೆಯುವ ತಮ್ಮ ಕೋಲೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕಡೆಯೂ ಎಲ್ಲರೂ ಕ್ಷೇಮ, ಯಾರಿಗೂ ಒಂದು ಗೀರು ಕೂಡ ಆಗಿಲ್ಲ. ನನ್ನ ದೂರು ಮುಖ್ಯವಾಗಿ ಅದರ ಬಗ್ಗೆಯೇ.

ಮೊದಲು ನನ್ನ ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ನಾನು ಹನ್ನೊಂದು ವರ್ಷಗಳಿಂದ ಕಿಸ್ಟಾದ ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವನು. ಬೇರೆಯವರು ಕಷ್ಟಪಟ್ಟು ಬರೆದದ್ದನ್ನು ಕುಟ್ಟಿ, ತಟ್ಟಿ, ಎಲ್ಲಿ ಒಡೆಯುತ್ತದೆಂದು ಹುಡುಕಿ, "ಇದು ಇನ್ನೂ ಹೊರಗೆ ಹೋಗಬಾರದು" ಎಂದು ಹೇಳುವುದಕ್ಕೇ ನನಗೆ ಸಂಬಳ. ನನ್ನ ಹೆಂಡತಿ ಸಿಂಧೂರ, ಮೊಣಕಾಲಿನ ನೋವಿನ ನೆಪದಲ್ಲಿ ಇಂಥ ಸಾಹಸಗಳಿಂದ ದೂರ ಉಳಿಯುವ ಬುದ್ಧಿವಂತೆ. ಮಗಳು ಚಾರ್ವಿ ಒಂಬತ್ತನೆಯ ವಯಸ್ಸಿಗೆ ಈ ದೇಶಕ್ಕೆ ಬಂದು, ಈಗ ಲುಂಡ್‌ನಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಕಳೆದ ಚಳಿಗಾಲದಲ್ಲಿ ಹಿಮಕುಸಿತದ ಬಗ್ಗೆ ಮೂರು ದಿನದ ತರಬೇತಿಯನ್ನೂ ಮುಗಿಸಿದ್ದಾಳೆ. ನಾಲ್ಕನೆಯವನು ಅನಿರುದ್ಧ್, ಮೊದಲು ನನ್ನ ತಂಡದಲ್ಲಿದ್ದು ಈಗ ಯೋತೆಬೊರಿ ನಗರದ ಲಿಂಡ್‌ಹೋಲ್ಮೆನ್‌ನಲ್ಲಿ ಕೆಲಸ ಮಾಡುವ ಹುಮ್ಮಸ್ಸಿನ ಮನುಷ್ಯ. ಅವನು ಸ್ಕೀಯಿಂಗ್ ಕುರಿತ ವಿಡಿಯೋಗಳನ್ನು ಎಷ್ಟು ನೋಡಿದ್ದಾನೆಂದರೆ, ಬೀಳುವಾಗಲೂ ಯಾವ ಕೋನದಲ್ಲಿ ಬೀಳುತ್ತಿದ್ದೇನೆಂದು ಹೇಳಬಲ್ಲ.

ಫೆಬ್ರವರಿ ಕೊನೆಯ ವಾರ ನಾವು ನಾಲ್ವರೂ ಯೆಮ್ಟ್‌ಲಾಂಡಿನ ಒಂದು ಬೆಟ್ಟದೂರಿನಲ್ಲಿ ಮರದ ಮನೆ ಹಿಡಿದಿದ್ದೆವು. ಸ್ಕೀ ಕಟ್ಟಿಕೊಂಡು ಬೆಟ್ಟದಾಚೆಯ ತಂಗುಮನೆಗೆ ಹೋಗಿ, ಒಂದು ರಾತ್ರಿ ಉಳಿದು ಬರುವುದು ನಮ್ಮ ಮೂವರ ಯೋಜನೆ. ಅದಕ್ಕೆ ಎರಡು ದಾರಿ. ಒಂದು, ಕಣಿವೆಯಗುಂಟ ಕೆಂಪು ಕತ್ತರಿ ಗುರುತಿನ ಕಂಬಗಳನ್ನು ನೆಟ್ಟಿರುವ, ಅಜ್ಜಿಯಂದಿರೂ ನಾಯಿಗಳೂ ಹೋಗುವ ಸುತ್ತುದಾರಿ. ಇನ್ನೊಂದು, ಬೆಟ್ಟದ ಈಶಾನ್ಯದ ಇಳಿಜಾರನ್ನು ಅಡ್ಡಲಾಗಿ ದಾಟುವ, ಅನಿರುದ್ಧ್ ತನ್ನ ಫೋನಿನ ನಕ್ಷೆಯ ಮೇಲೆ ಬೆರಳಿನಿಂದ ಎಳೆದ ದಾರಿ. "ಮೂರ್ತಿ ಸರ್, ಸುತ್ತು ಹಾಕೋದೆಲ್ಲ ಟೂರಿಸ್ಟ್‌ಗಳಿಗೆ. ಹಿಂಗೆ ಕಟ್ ಮಾಡಿದ್ರೆ ನಾಲ್ಕು ಕಿಲೋಮೀಟರ್ ಉಳಿಯುತ್ತೆ" ಎಂದ. ಈ ದೇಶದಲ್ಲಿ ಹನ್ನೊಂದು ವರ್ಷ ತೆರಿಗೆ ಕಟ್ಟಿದವನನ್ನು ಟೂರಿಸ್ಟ್ ಎಂದರೆ ಯಾರಿಗೆ ತಾನೇ ಸಹನೆ ಉಳಿದೀತು? ನಾನು ಅಡ್ಡದಾರಿಗೆ ಒಪ್ಪಿದೆ.

ಅಂದು ಸಂಜೆ ತಮ್ಮ ಮುನ್ಸೂಚನೆ ಬಂತು. ತಾವು ಐದರಲ್ಲಿ ಮೂರು ಎಂದು ಬರೆದಿದ್ದಿರಿ. ಮಾನ್ಯರೇ, ನಾನು ಓದಿದ ಶಾಲೆಯಲ್ಲಿ ಮೂವತ್ತೈದಕ್ಕೆ ಪಾಸು, ಅರವತ್ತಕ್ಕೆ ಫಸ್ಟ್ ಕ್ಲಾಸ್. ಬೆಟ್ಟಕ್ಕೆ ಫಸ್ಟ್ ಕ್ಲಾಸ್ ಬಂದಿದೆಯೆಂದು ಸಂತೋಷಪಟ್ಟೆ. ತಮ್ಮ ಸ್ವೀಡಿಷ್ ಬರವಣಿಗೆಯನ್ನು ಫೋನಿಗೆ ಒಪ್ಪಿಸಿ ಕನ್ನಡ ಮಾಡಿಸಿದಾಗ "ಗಣನೀಯ ಅಪಾಯ" ಎಂದು ಬಂತು. ಗಣನೀಯ ಎಂಬ ಮಾತನ್ನು ನಾನು ಅದುವರೆಗೆ ಸನ್ಮಾನ ಪತ್ರಗಳಲ್ಲಿ ಮಾತ್ರ ನೋಡಿದ್ದೆ. ಗೃಹನಿರ್ಮಾಣ ಸಹಕಾರ ಸಂಘಕ್ಕೆ ಗಣನೀಯ ಸೇವೆ ಸಲ್ಲಿಸಿದವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆಯೇ ಹೊರತು, ಅವರಿಂದ ಯಾರೂ ದೂರ ಓಡುವುದಿಲ್ಲ.

ಚಾರ್ವಿ ನನ್ನ ಫೋನನ್ನು ಕಿತ್ತುಕೊಂಡು ಮೂಲವನ್ನೇ ಓದಿದಳು. "ಅಪ್ಪ, ಇದು ಮಾರ್ಕ್ಸ್ ಅಲ್ಲ. ನಮ್ ಕೋರ್ಸ್‌ನಲ್ಲಿ ಹೇಳಿದ್ರು, ಮೂರು ಇರೋ ದಿನಾನೇ ತುಂಬ ಜನ ಸಾಯೋದು. ನಾಲ್ಕು, ಐದು ಅಂದ್ರೆ ಎಲ್ರೂ ಹೆದರಿ ಮನೇಲಿರ್ತಾರೆ" ಎಂದಳು. ಮರಗಳು ಮುಗಿಯುವ ಎತ್ತರದಿಂದ ಮೇಲೆ, ಈಶಾನ್ಯದ ಇಳಿಜಾರುಗಳಲ್ಲಿ, ಗಾಳಿ ತಂದು ಒಟ್ಟಿದ ಗಟ್ಟಿ ಹಿಮದ ಹಲಗೆಯ ಕೆಳಗೆ ಸಡಿಲವಾದ ಒಂದು ಪದರ ಅಡಗಿದೆಯೆಂದು ತಾವು ಬರೆದದ್ದನ್ನೂ ಓದಿ ಹೇಳಿದಳು. ಅಡಗಿದ್ದಕ್ಕೆ ಸಾಕ್ಷಿ ಏನು ಎಂದು ನಾನು ಕೇಳಿದೆ. "ನಾಳೆ ಅಗೆದು ನೋಡೋಣ" ಎಂದಳು.

ಬೆಳಿಗ್ಗೆ ಹೊರಡುವ ಮೊದಲು, ಹಿಮದಡಿ ಹೂತುಹೋದವರನ್ನು ಹುಡುಕಲು ಎದೆಗೆ ಕಟ್ಟಿಕೊಳ್ಳುವ ರೇಡಿಯೊ ಪೆಟ್ಟಿಗೆಗಳನ್ನು ಅವಳು ಒಂದೊಂದಾಗಿ ಪರೀಕ್ಷಿಸಿದಳು. ಅದನ್ನು ಕಿಟಕಿಯಿಂದ ನೋಡುತ್ತಿದ್ದ ಸಿಂಧೂರ ಬಾಗಿಲು ತೆರೆದು ಬಂದು, "ಹುಡುಕೋ ಮಿಷಿನ್ ಕಟ್ಕೊಂಡು ಹೋಗೋ ಜಾಗಕ್ಕೆ ಯಾಕ್ರೀ ಹೋಗ್ಬೇಕು?" ಎಂದಳು. ಆ ಪ್ರಶ್ನೆಗೆ ನಾನು ಇಂದಿಗೂ ಉತ್ತರ ಕೊಟ್ಟಿಲ್ಲ. ಮಾನ್ಯರ ಬಳಿ ಇದ್ದರೆ ದಯವಿಟ್ಟು ಕಳುಹಿಸಿಕೊಡಬೇಕು.

ಎರಡು ಗಂಟೆ ನಡೆದು ಇಳಿಜಾರಿನ ಬುಡ ತಲುಪಿದೆವು. ತಿಳಿಬಿಸಿಲು, ಗಾಳಿ ನಿಂತಿತ್ತು, ಬೆಟ್ಟ ಈಗತಾನೇ ಇಸ್ತ್ರಿ ಮಾಡಿದ ಪಂಚೆಯ ಹಾಗೆ ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ಚಾರ್ವಿ ಫೋನನ್ನು ಕೋಲಿಗೆ ಆನಿಸಿ ಇಳಿಜಾರು ಮೂವತ್ತನಾಲ್ಕು ಡಿಗ್ರಿಯೆಂದು ಅಳೆದಳು; ಹಿಮ ಜಾರಲು ಮೂವತ್ತೇ ಸಾಕಂತೆ. ಆಮೇಲೆ ಬುಡದ ಸುರಕ್ಷಿತ ದಿಬ್ಬವೊಂದರಲ್ಲಿ ಸೊಂಟದಾಳದ ಗುಂಡಿ ತೋಡಿ, ಒಂದು ಅಡಿ ಅಗಲದ ಹಿಮದ ಕಂಬವನ್ನು ಸುತ್ತಲಿಂದ ಬೇರ್ಪಡಿಸಿ, ಅದರ ತಲೆಯ ಮೇಲೆ ಗುದ್ದಲಿಯ ಅಲಗನ್ನಿಟ್ಟು ತಟ್ಟತೊಡಗಿದಳು. ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು ಸಲ, ಭುಜದಿಂದ ಹತ್ತು ಸಲ ತಟ್ಟಬೇಕಂತೆ. ಹನ್ನೆರಡನೆಯ ತಟ್ಟಿಗೇ ಕಂಬದ ಮೇಲರ್ಧ, ತಟ್ಟೆಯಿಂದ ಜಾರುವ ಮೈಸೂರುಪಾಕಿನ ತುಂಡಿನಂತೆ, ನೇರವಾಗಿ ಜಾರಿ ಅವಳ ಮಡಿಲಿಗೆ ಬಂತು. ಅದರ ಕೆಳಗಿನ ಪದರವನ್ನು ಅವಳು ನನ್ನ ಅಂಗೈಗೆ ಹಾಕಿದಳು. ಬಾಂಬೆ ರವೆಯ ಹಾಗೆ ಒಂದಕ್ಕೊಂದು ಅಂಟದ ಕಾಳುಗಳು. ತಾವು ಬರೆದಿದ್ದ ಪದರ ಅದೇ.

"ಒಂದ್ ಟೆಸ್ಟ್ ಫೇಲ್ ಆದ್ರೆ ಏನಾಯ್ತು ಸರ್, ಇನ್ನೊಂದ್ ಕಡೆ ರನ್ ಮಾಡೋಣ" ಎಂದ ಅನಿರುದ್ಧ್.

ಮಾನ್ಯರೇ, ಇಲ್ಲಿ ನಾನು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಸೋತ ಪರೀಕ್ಷೆಯನ್ನು ಗೆಲ್ಲುವ ತನಕ ಮತ್ತೆ ಮತ್ತೆ ಓಡಿಸಿ, ಗೆದ್ದ ಒಂದನ್ನು ಮಾತ್ರ ಮೇಲಿನವರಿಗೆ ತೋರಿಸುವವರ ವಿರುದ್ಧ ನಾನು ಕಚೇರಿಯಲ್ಲಿ ಗಂಟೆಗಟ್ಟಲೆ ಮಾತಾಡಿದ್ದೇನೆ; ಇದೇ ಅನಿರುದ್ಧ್‌ಗೇ ಎರಡು ಸಲ ಬೈದಿದ್ದೇನೆ. ಅಂಥ ನಾನು ಗುದ್ದಲಿ ಎತ್ತಿಕೊಂಡು, ಇಪ್ಪತ್ತು ಹೆಜ್ಜೆ ಆಚೆ, ಗಾಳಿ ಹೊಸ ಹಿಮವನ್ನೆಲ್ಲ ಗುಡಿಸಿ ಹಳೆಯ ಗಟ್ಟಿ ಹಿಮವನ್ನಷ್ಟೇ ಉಳಿಸಿದ್ದ ಒಂದು ಜಾಗ ಆರಿಸಿ, ನನ್ನ ಕೈಯಾರೆ ಅಗೆದೆ. ಮೂವತ್ತು ತಟ್ಟಿಗೂ ಕಂಬ ಅಲ್ಲಾಡಲಿಲ್ಲ. ಅನಿರುದ್ಧ್ ಚಪ್ಪಾಳೆ ತಟ್ಟಿದ.

ಚಾರ್ವಿ ಚಪ್ಪಾಳೆ ತಟ್ಟಲಿಲ್ಲ. "ಅಪ್ಪ, ನೀನು ಆಫೀಸಲ್ಲೂ ಹಿಂಗೇ ಮಾಡ್ತೀಯಾ?" ಎಂದು ಕೇಳಿದಳು. ವ್ಯಂಗ್ಯಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂತು. "ಮೂರು ದಿನದ ಕೋರ್ಸ್ ಮಾಡ್ಕೊಂಡ್ ಬಂದು ನಂಗೆ ಟೆಸ್ಟಿಂಗ್ ಹೇಳ್ಕೊಡ್ಬೇಡ" ಎಂದು ಕೂಗಿ, ಯಾರನ್ನೂ ಕಾಯದೆ ಇಳಿಜಾರಿನ ಕಡೆಗೆ ಹೆಜ್ಜೆ ಹಾಕಿದೆ. ಅವಳು ಹಿಂದಿನಿಂದ ಸ್ವೀಡಿಷ್‌ನಲ್ಲಿ ಏನೋ ಕಿರುಚಿದಳು. ಜಗಳವಾಡುವಾಗ ಅವಳ ಭಾಷೆ ಯಾವಾಗಲೂ ಅದೇ; ಕೇಳದವನಂತೆ ಮುಂದೆ ಹೋದೆ.

ಮೂವತ್ತು ಹೆಜ್ಜೆ ಇಟ್ಟಿದ್ದೆನೋ ಏನೋ. ನನ್ನ ಕಾಲಡಿಯಲ್ಲಿ "ವುಂಫ್" ಎಂದು ಒಂದು ಸದ್ದಾಯಿತು. ದೊಡ್ಡ ಸದ್ದೇನಲ್ಲ, ಭಾರದ ಮನುಷ್ಯರೊಬ್ಬರು ಹಳೆಯ ಸೋಫಾದ ಮೇಲೆ ಕುಳಿತಂತೆ. ಇಡೀ ನೆಲ ಒಂದು ಬೆರಳಿನಷ್ಟು ಕುಸಿದು ನಿಂತಿತು. ನನ್ನ ಸ್ಕೀಯ ತುದಿಯಿಂದ ಒಂದು ಬಿರುಕು ಹೊರಟು, ನೋಡುತ್ತಿದ್ದಂತೆಯೇ ಇಳಿಜಾರಿನ ಕಡೆಗೆ ಓಡಿಹೋಯಿತು. ನಾನು ತಲೆ ಎತ್ತಿ ಬೆಟ್ಟವನ್ನು ನೋಡಿದೆ. ಅದೂ ನನ್ನನ್ನೇ ನೋಡುತ್ತಿದ್ದಂತಿತ್ತು.

"ಅಪ್ಪಾ, ಅಲ್ಲೇ ನಿಂತ್ಕೋ" ಎಂಬ ದನಿ ಕೇಳಿಸಿತು. ಕಿರುಚಿದ್ದಲ್ಲ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ ಮೆಲ್ಲಗೆ. "ನಿಧಾನಕ್ಕೆ ತಿರುಗು. ನಿನ್ ಹೆಜ್ಜೆ ಮೇಲೇನೆ ವಾಪಸ್ ಬಾ. ಆ ಕಡೆ ಈ ಕಡೆ ಕಾಲಿಡ್ಬೇಡ. ನಾನಿಲ್ಲೇ ನೋಡ್ತಾ ಇದೀನಿ." ಪೂರ್ತಿ ಕನ್ನಡ. ನನ್ನ ಮಗಳು ಅಷ್ಟು ಮಾತನ್ನು ಬೇರೆ ಭಾಷೆ ಬೆರೆಸದೆ ಆಡಿ ಎಷ್ಟೋ ವರ್ಷವಾಗಿತ್ತು. ಬಂದ ಆ ಮೂವತ್ತು ಹೆಜ್ಜೆಗಳನ್ನು ಹಿಂದಕ್ಕೆ ಹಾಕಲು ನನಗೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಹತ್ತಿರ ಬಂದಾಗ ಅವಳು ನನ್ನ ಜಾಕೆಟ್ಟಿನ ತೋಳನ್ನು ಹಿಡಿದುಕೊಂಡು, ಬಹಳ ಹೊತ್ತು ಬಿಡಲಿಲ್ಲ. ಅನಿರುದ್ಧ್ ಫೋನಿನ ನಕ್ಷೆಯಿಂದ ತನ್ನ ಗೆರೆಯನ್ನು ಅಳಿಸುತ್ತಿದ್ದ. ಮೂವರೂ ಬಂದ ಜಾಡಿನಲ್ಲೇ ಮನೆಗೆ ಮರಳಿದೆವು.

ಈಗ ದೂರಿನ ಮುಖ್ಯಭಾಗ. ಮಾನ್ಯರೇ, ಆ ಬೆಟ್ಟ ಬೀಳಲಿಲ್ಲ.

ಮನೆಯ ಕಿಟಕಿಯಿಂದ ಆ ಇಳಿಜಾರು ಚೆನ್ನಾಗಿ ಕಾಣುತ್ತದೆ. ನಾನು ಬೈನಾಕ್ಯುಲರ್ ಹಿಡಿದು ಊಟ ಬಿಟ್ಟು ಕುಳಿತೆ. ಮಧ್ಯಾಹ್ನ ಎರಡೂವರೆಗೆ, ಹಳದಿ ಜಾಕೆಟ್ಟಿನ ಇಬ್ಬರು ಅಪರಿಚಿತರು ಅದೇ ಇಳಿಜಾರನ್ನು ಹತ್ತಿ, ತುದಿಯಲ್ಲಿ ಫ್ಲಾಸ್ಕಿನಿಂದ ಕಾಫಿ ಕುಡಿದು, ಸುಂದರವಾದ ತಿರುವುಗಳನ್ನು ಬರೆಯುತ್ತಾ ಕೆಳಗಿಳಿದು, ಕೈಗೆ ಕೈ ತಟ್ಟಿಕೊಂಡು ಹೋದರು. ಬೆಟ್ಟ ಅವರತ್ತ ಒಮ್ಮೆ ಕೆಮ್ಮಲೂ ಇಲ್ಲ. ಹೀಗಾದರೆ ಜೀವಭಯದಿಂದ ಹಿಂದಿರುಗಿದ ಗೌರವಾನ್ವಿತರ ಗತಿಯೇನು? ನಾನು ಸಂಜೆಯವರೆಗೂ ಕಿಟಕಿ ಬಿಡದಿದ್ದಾಗ ಸಿಂಧೂರ ಕಾಫಿ ತಂದಿಟ್ಟು, "ಬೆಟ್ಟ ಬೀಳ್ಲಿಲ್ಲ ಅಂತ ಬೇಜಾರು ಮಾಡ್ಕೊಂಡು ಕೂತಿರೋ ಗಂಡಸನ್ನ ನಾನು ಇದೇ ಮೊದಲು ನೋಡ್ತಿರೋದು" ಎಂದಳು.

ಆದ್ದರಿಂದ ತಮ್ಮ ಘನ ಕಚೇರಿಯಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇನ್ನು ಮುಂದೆ ಯಾರಾದರೂ ತಮ್ಮ ಮಾತಿಗೆ ಬೆಲೆ ಕೊಟ್ಟು ಹಿಂದಿರುಗಿದಲ್ಲಿ, ಸಂಬಂಧಪಟ್ಟ ಇಳಿಜಾರನ್ನು ಅದೇ ದಿನ, ಸುತ್ತಮುತ್ತ ಯಾರೂ ಇಲ್ಲದಿರುವುದನ್ನು ಖಚಿತಪಡಿಸಿಕೊಂಡು, ತಾವು ಫೀಕಾ ಎನ್ನುವ ಮಧ್ಯಾಹ್ನದ ಕಾಫಿ ಬಿಡುವಿನ ಹೊತ್ತಿಗೆ, ಕಿಟಕಿಯಿಂದ ಕಾಣುವಂತೆ, ಶಬ್ದಸಹಿತ ಬೀಳಿಸಿಕೊಡಬೇಕು. ಅದು ಆಡಳಿತಾತ್ಮಕವಾಗಿ ಕಷ್ಟವೆಂದಾದರೆ, "ಈ ವ್ಯಕ್ತಿ ಮುಂದೆ ಹೋಗಿದ್ದರೆ ಖಂಡಿತ ಹೂತುಹೋಗುತ್ತಿದ್ದರು" ಎಂಬ ಒಂದು ಪ್ರಮಾಣಪತ್ರವನ್ನಾದರೂ ಸಹಿ, ಮೊಹರು, ನನ್ನ ವೈಯಕ್ತಿಕ ಗುರುತಿನ ಸಂಖ್ಯೆ ಸಮೇತ ಅಂಚೆಯಲ್ಲಿ ಕಳಿಸಬೇಕು. ಲಿಂಡ್‌ಹೋಲ್ಮೆನ್‌ನಲ್ಲಿ ಅನಿರುದ್ಧ್ ಈ ಕಥೆಯನ್ನು ತನಗೆ ಬೇಕಾದ ಹಾಗೆ ಹೇಳುವ ಮೊದಲು ಅದು ನನ್ನ ಕೈಸೇರಿದರೆ ಉಪಕಾರವಾದೀತು.

ನಾನು ಬೈನಾಕ್ಯುಲರ್ ಕೆಳಗಿಟ್ಟ ಮೇಲೆ ಚಾರ್ವಿ ಬಂದು ಪಕ್ಕದಲ್ಲಿ ಕುಳಿತಳು. ಗೆದ್ದವರ ಮುಖ ಅವಳದಾಗಿರಲಿಲ್ಲ. "ಅವ್ರು ಬೀಳ್ಲಿಲ್ಲ ಅಂದ್ರೆ ಸೇಫ್ ಇತ್ತು ಅಂತ ಅಲ್ಲ ಅಪ್ಪ. ಅವ್ರಿಗೂ ಗೊತ್ತಿಲ್ಲ, ನಮ್ಗೂ ಗೊತ್ತಿಲ್ಲ" ಎಂದಳು. ದೋಷ ಸಿಗಲಿಲ್ಲ ಎಂದರೆ ದೋಷ ಇಲ್ಲ ಎಂದಲ್ಲ ಎಂಬುದನ್ನು ನಾನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ. ಅಂದು ಅದನ್ನು ಹೊಸಬನಂತೆ ಕೇಳಿಸಿಕೊಂಡೆ.

ಮರುದಿನ ಕೆಂಪು ಗುರುತಿನ ಸುತ್ತುದಾರಿ ಹಿಡಿದೆವು. ಚಾರ್ವಿ ಮುಂದೆ, ನಾನು ಅವಳ ಜಾಡಿನಲ್ಲಿ, ಅನಿರುದ್ಧ್ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಕೊನೆಯಲ್ಲಿ. ಒಬ್ಬರು ವೃದ್ಧೆ ನಾಯಿಯೊಡನೆ ನಮ್ಮನ್ನು ಎರಡು ಸಲ ಹಿಂದಿಕ್ಕಿದರು. ಎರಡನೆಯ ಸಲ ಅನಿರುದ್ಧ್‌ನೇ ಮೊದಲು "ಹೇಯ್" ಎಂದು ನಮಸ್ಕರಿಸಿದ. ಗಾಳಿಮರೆಯಲ್ಲಿ ಕುಳಿತು ಚಪಾತಿ ತಿನ್ನುವಾಗ ಚಾರ್ವಿ ಕೇಳಿದಳು: "ನಿನ್ನೆ ಯಾಕಪ್ಪ ಅಷ್ಟು ಕೋಪ ಬಂತು?" ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದವನು, ನಿಜವನ್ನೇ ಹೇಳಿಬಿಟ್ಟೆ. ಹನ್ನೆರಡನೆಯ ವಯಸ್ಸಿನಿಂದ ಕೊಮ್ಯೂನ್ ಎಂಬ ಇಲ್ಲಿಯ ನಗರಸಭೆಯ ಕಾಗದಗಳನ್ನೆಲ್ಲ ನನಗೆ ಓದಿ ಹೇಳಿದವಳು ಅವಳು. ಡಾಕ್ಟರ ಮುಂದೆ ಅಮ್ಮನ ಮೊಣಕಾಲಿನ ಪರವಾಗಿ ಮಾತಾಡಿದವಳೂ ಅವಳೇ. ಈ ದೇಶದಲ್ಲಿ ಒಂದು ಸಲವಾದರೂ, ಒಂದೇ ಒಂದು ಗುಡ್ಡದ ಮೇಲಾದರೂ, ನಾನು ಅವಳ ಮುಂದೆ ನಡೆಯಬೇಕೆಂದಿತ್ತು ಎಂದೆ.

ಅವಳು ತನ್ನ ಚಪಾತಿಯ ಸುರುಳಿಯನ್ನು ಮುರಿದು ಅರ್ಧವನ್ನು ನನ್ನ ಕೈಗಿಟ್ಟಳು. "ಹನ್ನೆರಡು ವರ್ಷಕ್ಕೆ ನಂಗೂ ಆ ಲೆಟರ್ಸ್ ಅರ್ಥ ಆಗ್ತಿರ್ಲಿಲ್ಲ ಅಪ್ಪ. ಅರ್ಧ ಗೆಸ್ ಮಾಡಿ ಹೇಳ್ತಿದ್ದೆ" ಎಂದಳು. ನಾವಿಬ್ಬರೂ ನಕ್ಕದ್ದಕ್ಕೆ ಮೇಲಿನ ಹಿಮವೇನಾದರೂ ಅಲುಗಿದ್ದಲ್ಲಿ, ಅದರ ಹೊಣೆ ನಮ್ಮದೇ.

ಈ ಅಹವಾಲನ್ನು ಪರಿಶೀಲಿಸಿ, ತಮ್ಮ ಮುನ್ಸೂಚನೆಗಳನ್ನು ಇದೇ ಕಿರಿಕಿರಿಯ ನಿಖರತೆಯಿಂದ ಮುಂದುವರಿಸಬೇಕೆಂದು ಕೋರುವ,

ಯಾವ ಪ್ರಮಾಣವೂ ಇಲ್ಲದೆ ಬದುಕುಳಿದಿರುವ,
ತಮ್ಮ ವಿಶ್ವಾಸಿ
ರಾಮಮೂರ್ತಿ

ತಾ.ಕ.: ಬೆಟ್ಟದಲ್ಲಿ ಕಂಡದ್ದನ್ನು ಸಾರ್ವಜನಿಕರು ತಿಳಿಸಲೆಂದು ತಾವು ಅಂತರ್ಜಾಲದಲ್ಲಿ ಇಟ್ಟಿರುವ ಅರ್ಜಿಯನ್ನು ತಂಗುಮನೆಯಲ್ಲಿ ಕುಳಿತು ನಾನೇ, ಯಾರ ಸಹಾಯವೂ ಇಲ್ಲದೆ, ಸ್ವೀಡಿಷ್‌ನಲ್ಲಿ ತುಂಬಿದ್ದೇನೆ. ಸದ್ದು, ಬಿರುಕು, ಇಳಿಜಾರಿನ ಕೋನ ಎಲ್ಲವನ್ನೂ ಬರೆದೆ. ಕೊನೆಯಲ್ಲಿ "ಎಚ್ಚರಿಕೆಯ ಸೂಚನೆ ಸಿಕ್ಕಿಯೂ ಮುಂದುವರಿದಿದ್ದರೆ ಕಾರಣ ತಿಳಿಸಿ" ಎಂದು ಕೇಳಿ, ಇನ್ನೂರು ಅಕ್ಷರ ಮೀರಬಾರದೆಂದು ಕಟ್ಟು ಹಾಕಿದ್ದೀರಿ. ಮಾನ್ಯರು ಮಕ್ಕಳಿಲ್ಲದವರಿರಬೇಕು. ಅಷ್ಟು ಜಾಗ ಸಾಲದ ಕಾರಣ ಈ ಬಹಿರಂಗ ಪತ್ರ.